ಯಮನ ನಿಲುವಂಗಿ ಒಗೆದ ಮಳೆಗಾಲ

ಕಳೆದ ವಾರ ನಮ್ಮ ಓಣಿಯ ಶಾಲೆಯ ಗ್ಯಾದರಿಂಗಿಗೆ ಬಾಡಿಗೆ ವೇಷಗಳ ಟ್ರಂಕು ಬಂದಿತ್ತು. ಹುಡುಗಿಯರಿಗೆ ಸೀರೆ ಉಡಿಸಲು ನನ್ನನ್ನೂ ಕರೆದಿದ್ದರು. ಮುಚ್ಚಳ ತೆಗೆದದ್ದೇ ತಡ, ಡಾಂಬರು ಗುಳಿಗೆ ಮತ್ತು ತೇವ ಕುಡಿದ ಮಖಮಲ್ಲಿನ ವಾಸನೆ ಒಟ್ಟಿಗೇ ಮುಖಕ್ಕೆ ಬಡಿಯಿತು. ಮಕ್ಕಳು ಕಿರೀಟಕ್ಕಾಗಿ ಕಿತ್ತಾಡುತ್ತಿದ್ದರು. ನಾನು ಎದ್ದು ಹೊರಗೆ ಬಂದೆ.

"ಯಾಕ್ರೀ ಅಕ್ಕಾರ, ಚಕ್ಕರ ಬಂತೇನು?" ಎಂದು ಟೀಚರು ನೀರು ತಂದರು.

ಚಕ್ಕರ ಅಲ್ಲ, ಸಿಟ್ಟು. ಹತ್ತು ವರ್ಷ ದಾಟಿದರೂ ಆ ವಾಸನೆಗೆ ಅದು ಎದ್ದು ಕೂಡುತ್ತದೆ. ಅದು ಇಳಿಯಬೇಕೆಂದು ನನಗೇನೂ ಆಸೆಯಿಲ್ಲ. ಆದರೆ ನಡೆದದ್ದನ್ನು ಒಮ್ಮೆ ಸರಿಯಾಗಿ ಬರೆದಿಡಬೇಕು ಅನ್ನಿಸಿತು.

ತುರ್ತುಪರಿಸ್ಥಿತಿ ಮುಗಿದ ಮರುವರ್ಷದ ಮಳೆಗಾಲ ಅದು. ಸದಾಶಿವನಗರದಲ್ಲಿ ಎರಡು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ಅಲ್ಲಿ ನಾನು, ನಮ್ಮವರು, ಅತ್ತೆ. ಮಗಳು ಧಾರವಾಡದಲ್ಲಿ ನನ್ನ ತವರಿನಲ್ಲಿ ಓದುತ್ತಿದ್ದಳು. ನಮ್ಮವರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಅಯಸ್ಕಾಂತದ ಪಾಠ ಮಾಡುವಾಗ ಹುಡುಗರ ಕೈಗೆ ಮೊಳೆ ಕೊಟ್ಟು "ನಾ ಹೇಳಿದ್ದು ನಂಬಬ್ಯಾಡ್ರಿ, ಮಾಡಿ ನೋಡ್ರಿ" ಎನ್ನುತ್ತಿದ್ದ ಮನುಷ್ಯ. ಆ ಬೇಸಿಗೆಯಲ್ಲಿ ಅವರಿಗಿಂತ ಆರು ವರ್ಷ ಕಿರಿಯನನ್ನು ಹೆಡ್‌ಮಾಸ್ತರನನ್ನಾಗಿ ಮಾಡಿದರು. ಊಟದಲ್ಲಿ ಇವರು ರೊಟ್ಟಿ ಮುರಿಯುವ ಸದ್ದು ಜೋರಾಯಿತು.

ಅತ್ತೆ ಮಾರ್ಚಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದವರು ಮತ್ತೆ ಏಳಲಿಲ್ಲ. ಕಣ್ಣೂ ಹೋಗಿದ್ದವು. ಹೊರಗಿನ ಕೋಣೆಯ ಕಿಟಕಿಗೆ ಹಚ್ಚಿ ಅವರ ಮಂಚ. ಈ ಮಳೆಗಾಲ ದಾಟುವುದು ಕಷ್ಟ ಎಂದು ಡಾಕ್ಟರು ನಮ್ಮವರನ್ನು ಬಾಗಿಲ ಹೊರಗೆ ಕರೆದು ಹೇಳಿದ್ದರು. ಅತ್ತೆಗೆ ಉಳಿದಿದ್ದ ಆಸೆ ಒಂದೇ. ಬೆಳಿಗ್ಗೆ ಸ್ನಾನವಾದ ಮೇಲೆ ಮಗ ತಮ್ಮ ಮಂಚದ ಬದಿಗೆ ಕೂತು, ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆ ಮಾಡಬೇಕು. ಭಸ್ಮದ ವಾಸನೆ ಬರಬೇಕು. ಆಮೇಲೆ ಅವರದನ್ನೂ ಅವರ ಅಂಗೈಯಲ್ಲಿಟ್ಟು ನೀರು ಬಿಡಬೇಕು. ಅದಾಗದೆ ನುಚ್ಚಿನ ಗಂಜಿ ಬಾಯಿಗೆ ಹೋಗುತ್ತಿರಲಿಲ್ಲ.

ಜೂನಿನಲ್ಲಿ ಮಿರಗದ ಮಳೆ ಹಿಡಿದ ವಾರ ನಮ್ಮವರು ಭಾನುವಾರ ಹೊರಗೆ ಹೋಗಲು ಶುರುಮಾಡಿದರು. ಬೆಳಗಿನ ಪ್ಯಾಸೆಂಜರ್ ಗಾಡಿಗೆ ಹತ್ತಿರದ ಖಾನಾಪುರಕ್ಕೆ ಹೋಗಿ ಸಂಜೆ ಬರುವರು. ಬಿಳಿ ಧೋತರದ ಮೊಣಕಾಲ ಹತ್ತಿರ ಎರಡು ಕೆಂಪು ಕಲೆ, ಅಂಗಿಯಲ್ಲಿ ಡಾಂಬರು ಗುಳಿಗೆಯ ವಾಸನೆ. ಮೂರನೇ ಭಾನುವಾರ ನಾನು ಧೋತರ ಹಿಡಿದುಕೊಂಡೇ ಕೇಳಿದೆ.

"ಏನ್ರೀ, ಈ ವಯಸ್ಸಿನ್ಯಾಗ ಅಂಬೆಗಾಲ ಇಡಾಕತ್ತೀರೇನು?"

ಅವರು ನಗಲಿಲ್ಲ. ತುಂಡುತುಂಡಾಗಿ, ಎರಡು ದಿನ ತೆಗೆದುಕೊಂಡು ಹೇಳಿದರು. ಅದರ ಹೆಸರು ದ್ವಾರ ಮಂಡಳ. ಹನ್ನೊಂದು ಜನ ಇದ್ದರು. ಒಬ್ಬ ವಕೀಲ, ಒಬ್ಬ ಬ್ಯಾಂಕಿನವ, ಇಬ್ಬರು ವ್ಯಾಪಾರಿಗಳು, ಹೀಗೆ ಎಲ್ಲ ಇಸ್ತ್ರಿ ಅಂಗಿಯವರೇ. ಕದಂಬರ ಕಾಲದಲ್ಲಿ ಹಲಸಿಯಲ್ಲಿ ಒಬ್ಬ ಸಿದ್ಧ ಕಲ್ಲಿನ ಬಾಗಿಲು ಹಾಕಿಕೊಂಡು ಕೂತನಂತೆ. ಒಂಬತ್ತು ಶಿಷ್ಯರು ತೆವಳಿಕೊಂಡು ಒಳಗೆ ಹೋದರು, ಎಂಟು ಜನ ಹೊರಗೆ ಬಂದರು. ಒಳಗುಳಿದವನೇ ಮೊದಲ ದ್ವಾರಪಾಲ. ಅವನಿಂದ ಒಬ್ಬರ ಕಿವಿಯಿಂದ ಒಬ್ಬರ ಕಿವಿಗೆ ವಿದ್ಯೆ ಇಳಿದು ಬಂದು ಈಗ ಖಾನಾಪುರದ ದ್ವಾರಪಾಲರ ಹತ್ತಿರ ನಿಂತಿದೆ.

"ಒಂಬತ್ತನೇದಾಂವ ಯಾಕ ಹೊರಗ ಬರಲಿಲ್ಲ?"

"ಅದು ಕೇಳೂ ಪ್ರಶ್ನೆ ಅಲ್ಲ."

"ಅವನ ಹೆಂಡತಿ ಕೇಳಿರಬೇಕಲ್ಲಾ."

"ನಿನಗ ತಿಳಿಯೂದಿಲ್ಲ ನೀಲಾ. ಅಲ್ಲಿ ನನ್ನ ಮಾತು ಕೇಳತಾರ."

ಆ ಕೊನೆಯ ಮಾತಿಗೆ ನಾನು ಸುಮ್ಮನಾದೆ. ಸುಮ್ಮನಾದದ್ದು ತಪ್ಪಾಯಿತು.

ಆರಿದ್ರ ಮಳೆ ಹಗಲಿಡೀ ಬೀಳುತ್ತಿದ್ದಾಗ ಅವರು ಒಂದು ಗಂಟು ತಂದರು. ಬಿಚ್ಚಿದರೆ ಮೈಲುಗಟ್ಟಲೆ ಅನ್ನುವಂಥ ಕೆಂಪು ಮಖಮಲ್ಲಿನ ನಿಲುವಂಗಿ, ಅಂಚಿಗೆ ಕಪ್ಪಾದ ಜರಿ.

"ಇದನ್ನ ಒಗದ ಕೊಡು. ಯಾರೂ ನೋಡಬಾರದು. ಹೊಸದಾಗಿ ದೀಕ್ಷಾ ಆದವರ ಮನ್ಯಾಗ ಇದು ಶುದ್ಧ ಆಗಬೇಕು, ಪದ್ಧತಿ ಐತಿ."

"ದೀಕ್ಷಾ ನಿಮಗ, ಅರಬಿ ತಿಕ್ಕೂ ಸಬಕಾರ ನನಗ."

ಸಾವಿರ ವರ್ಷದ ಗುಟ್ಟನ್ನು ತಂದು ಒಗೆಯುವ ಕಲ್ಲಿನ ಮೇಲೆ ಇಟ್ಟು ಹೋದರು. ಹೆಂಗಸರು ಬಟ್ಟೆ ನೆನೆಹಾಕುವ ಮೊದಲು ಕಾಲರಿನ ಒಳಗೆ ನೋಡುತ್ತಾರೆಂಬ ಅರಿವು ಆ ಹನ್ನೊಂದು ಜನರಲ್ಲಿ ಒಬ್ಬನಿಗೂ ಇರಲಿಲ್ಲ. ನಾನು ಕೊಳೆ ಎಲ್ಲಿ ಗಟ್ಟಿಯಾಗಿದೆ ನೋಡೋಣವೆಂದು ಕುತ್ತಿಗೆಯ ಪಟ್ಟಿ ಮಗುಚಿದೆ. ಒಳಗೆ ಹೊಲಿದ ಬಿಳಿ ಪಟ್ಟಿ, ಅದರ ಮೇಲೆ ಧೋಬಿ ಶಾಯಿಯಲ್ಲಿ ದುಂಡನೆಯ ಅಕ್ಷರ. ಒಂದು ನಾಟಕ ಕಂಪನಿಯ ಹೆಸರು, ಖಾನಾಪುರ. ಅದರ ಕೆಳಗೆ: "ಯಮ. ಅಂಕ ೩. ಗುಂಡಿ ಹೋಗಿದೆ, ಚಂಪಾಬಾಯಿಗೆ ಕೊಡುವುದು."

ನಾನು ಕಲ್ಲಿನ ಮೇಲೆಯೇ ಕೂತು ನಕ್ಕೆ. ಆ ಮಳೆಗಾಲದಲ್ಲಿ ಮನಸ್ಸು ಬಿಚ್ಚಿ ನಕ್ಕದ್ದು ಅದೊಂದೇ ಸಲ. ಹಿತ್ತಲ ಗೋಡೆಯ ಆಚೆಯಿಂದ ಪದ್ಮಕ್ಕ ಇಣುಕಿದಳು. ಜೈನರ ಮನೆಯವಳು, ಅವಳ ಗಂಡ ನೇಮಣ್ಣನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಅವಳಿಗೆ ಪಟ್ಟಿ ತೋರಿಸಿದೆ. ಅವಳು ನಗಲಿಲ್ಲ, ಮೂಗು ಕೆಂಪಾಯಿತು.

"ನಮ್ಮವ್ರೂ ಐತವಾರಕ್ಕೊಮ್ಮೆ ಖಾನಾಪುರಕ್ಕ ಹೋಗತಾರವಾ. ಹೋದ ತಿಂಗಳ ಬಂದು ಬಾಜೂಕ ಕುಂತ್ರು, ಬಾಯಿಲಿಂದ ಉಳ್ಳಾಗಡ್ಡಿ ವಾಸನಿ. ನಮ್ಮ ಮನಿ ಹೊಸ್ತಲಾ ದಾಟಿಲ್ಲದ್ದು ಉಳ್ಳಾಗಡ್ಡಿ! ಕೇಳಿದ್ರ, 'ಹತ್ತಿರದ್ದು ಬಿಡಬೇಕಂತ ಹೇಳಿದ್ರು, ಬಿಟ್ಟೆ' ಅಂತಾರ. ನಾಕ ದಿನಾ ಬಚ್ಚಲದಾಗ ಅತ್ತೇನಿ, ಯಾರ ಮುಂದ ಹೇಳಲಿ?"

"ಹತ್ತಿರದ್ದು ಅಂದ್ರ?"

"ಒಡಲಿಗೆ ಭಾಳ ಹತ್ತಿರ ಇದ್ದದ್ದು. ಒಬ್ಬೊಬ್ಬರಿಗೆ ಒಂದೊಂದು."

ನಿಲುವಂಗಿ ಆ ಮಳೆಯಲ್ಲಿ ಐದು ದಿನ ಒಣಗಲಿಲ್ಲ. ಒಳಗೆ ಹಗ್ಗ ಕಟ್ಟಿ ಹಾಕಿದೆ. ಕೆಂಪು ನೀರು ತೊಟ್ಟಿಕ್ಕುವಲ್ಲಿ ಪಾತ್ರೆ ಇಟ್ಟೆ. ನಮ್ಮವರು ಏನು ಬಿಟ್ಟರು ಎಂದು ಐದೂ ದಿನ ಯೋಚಿಸಿದೆ. ಚಹಾ ಬಿಟ್ಟಿರಲಿಲ್ಲ. ನಶ್ಯ ಬಿಟ್ಟಿರಲಿಲ್ಲ. ಇನ್ನೊಂದು ಕಡೆ ನನ್ನ ಬುದ್ಧಿ ಹೋಗಲಿಲ್ಲ. ಅವರು ಅತ್ತೆಯ ಮಂಚದ ಬದಿಗೆ ಕೂಡುವುದನ್ನು ಬಿಟ್ಟು ಮೂರು ವಾರವಾಗಿತ್ತು. "ಬಚ್ಚಲದಾಗಽ ಪೂಜಿ ಮುಗಿಸೇನಿ ಅವ್ವಾ" ಎಂದು ಅತ್ತೆಯದನ್ನಷ್ಟೇ ಮಾಡಿಸಿ ಏಳುತ್ತಿದ್ದರು. ಶಾಲೆಗೆ ತಡ ಆಗುತ್ತದೆಂದು ನಾನೂ ನಂಬಿದ್ದೆ.

ಮುಂದಿನ ವಾರ ಅವರಿಗೆ ಮಳೆಯಲ್ಲಿ ನೆನೆದು ಜ್ವರ ಬಂತು. ಮಧ್ಯಾಹ್ನ ಬೆವರು ಬಿಟ್ಟು ನಿದ್ದೆ ಹೋದರು. ಕೊರಳಿನ ಶಿವದಾರ ತೊಯ್ದು ಚರ್ಮಕ್ಕೆ ಅಂಟಿತ್ತು. ಹೊಸ ದಾರ ಹೊಸೆದು ಇಟ್ಟಿದ್ದೆ. ಅವರನ್ನು ಎಬ್ಬಿಸದೆ ಬದಲಿಸೋಣವೆಂದು ಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ಮೆಲ್ಲಗೆ ಎತ್ತಿದೆ. ಒಳಗೆ ಏನೋ ಗುಡುಗುಡು ಎಂದಿತು. ಬಟ್ಟೆ ಸುತ್ತಿ ಇಟ್ಟ ಲಿಂಗ ಹಾಗೆ ಸದ್ದು ಮಾಡುವುದಿಲ್ಲ. ಹನ್ನೆರಡು ವರ್ಷದ ಸಂಸಾರದಲ್ಲಿ ನಾನು ಅವರ ಕರಡಿಗೆ ತೆರೆದವಳಲ್ಲ. ಅಂದು ತೆರೆದೆ. ಒಳಗೆ ಬೆರಳಿನಷ್ಟು ಹಂಚಿನ ಚೂರು.

ಅವರು ಕಣ್ಣು ಬಿಟ್ಟಾಗ ನಾನು ಅದನ್ನು ಅಂಗೈಯಲ್ಲಿ ಹಿಡಿದು ಕೂತಿದ್ದೆ.

"ಎಲ್ಲಿ ಐತಿ?"

"ಬಾಗಿಲ ಒಳಗ," ಅಂದರು. "ಹತ್ತಿರದ್ದು ಕೊಡಬೇಕು. ಎರಡನೇ ಬಾಗಿಲ ದಾಟಿದ ಮ್ಯಾಲೆ ತಿರುಗಿ ಕೊಡತಾರ."

"ಯಾರಿಗೆ ಕೊಟ್ಟಾರ ಇಲ್ಲೀತನಕ?"

ಅವರು ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡರು.

"ಹುಟ್ಟಿದಾಗಿಂದ ಮೈಮ್ಯಾಲೆ ಇದ್ದದ್ದು. ಸತ್ತ ಮ್ಯಾಲೆ ಕೈಯಾಗ ಹಿಡಕೊಂಡು ಮಣ್ಣಿಗೆ ಹೋಗೂದು. ಅದನ್ನ ಕೊಟ್ಟು ಹಂಚಿನ ಚೂರು ತಂದೀರಿ. ಅಲ್ಲಿ ಅವ್ವ ಮಲಗ್ಯಾಳ. ನಾಳೆ ಕೈ ಚಾಚಿ 'ಶಿವಪ್ಪಾ, ನಿನ್ನ ಲಿಂಗಯ್ಯನ್ನ ಒಮ್ಮೆ ಕೊಡು' ಅಂದ್ರ ಇದನ್ನ ಇಡತೀರೇನು?"

"ಸಾವಕಾಶ ಮಾತಾಡು, ಕೇಳೀತು."

ಹೇಳಬಾರದೆಂದು ಆಣೆ ಹಾಕಿದ್ದನ್ನೆಲ್ಲ ಆ ಜ್ವರದಲ್ಲಿ ಹೇಳಿಬಿಟ್ಟರು. ಖಾನಾಪುರದಲ್ಲಿ ಮುಚ್ಚಿದ ಹಂಚಿನ ಕಾರ್ಖಾನೆ. ಅದರ ಭಟ್ಟಿಯ ಬಾಯಿಯೇ ದ್ವಾರ. ನೆರಳು ಕಾಲಡಿ ಬೀಳುವ ನಡುಹಗಲಿಗೆ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ನಾಲಿಗೆಯ ಮೇಲೆ ಒಂದು ಚಿಟಿಕೆ ಉಪ್ಪು, ನುಂಗಬಾರದು, ಉಗುಳಬಾರದು. ತೆವಳಿ ಹೋಗಿ ಆ ಬಾಯಿಗೆ ಮುಚ್ಚಿದ ತಗಡನ್ನು ಮೂರು ಸಲ ಬಡಿಯಬೇಕು. ಒಳಗಿನಿಂದ "ಯಾರು?" ಎಂದು ಕೇಳುತ್ತಾರೆ. "ಯಾರೂ ಅಲ್ಲ" ಎನ್ನಬೇಕು. ನಲವತ್ತರ ಹತ್ತಿರ ಬಂದ ಮಾಸ್ತರು, ಬಾಯಲ್ಲಿ ಉಪ್ಪಿಟ್ಟುಕೊಂಡು, ಯಾರೂ ಅಲ್ಲ ಅಂದಿದ್ದರು. ಆಮೇಲೆ ಕೊರಳಿನಿಂದ ಬಿಚ್ಚಿ ಕೊಟ್ಟಿದ್ದರು.

ಮಂಗಳವಾರ ಅವರು ಶಾಲೆಗೆ ಹೋದ ಮೇಲೆ, ಅತ್ತೆಯ ಹತ್ತಿರ ಪದ್ಮಕ್ಕನ ಸೊಸೆಯನ್ನು ಕೂಡಿಸಿ, ನಾನೂ ಪದ್ಮಕ್ಕನೂ ಪ್ಯಾಸೆಂಜರ್ ಹತ್ತಿದೆವು. ದೇಸೂರಿನಲ್ಲಿ ಗಾಡಿ ಅರ್ಧ ಗಂಟೆ ನಿಂತಿತು. ಮುರಿದ ಕಿಟಕಿಯಿಂದ ಎರಚಲು ಒಳಗೆ ಬರುತ್ತಿತ್ತು. ಪದ್ಮಕ್ಕ ಸೆರಗು ಮುಖಕ್ಕೆ ಎಳೆದುಕೊಂಡು, "ಯಾರರೆ ನೋಡಿದ್ರ ಏನ ಹೇಳೂಣು?" ಎನ್ನುತ್ತಿದ್ದಳು.

"ಗುಂಡಿ ಹಚ್ಚಸಾಕ ಹೊಂಟೇವಿ ಅಂತ ಹೇಳೂಣು."

ಖಾನಾಪುರದ ಸ್ಟೇಶನ್ ರಸ್ತೆಯಲ್ಲಿ ಮೊದಲು ಕಂಡ ಶಿಂಪಿಗನನ್ನೇ ಕೇಳಿದೆವು. ಚಂಪಾಬಾಯಿ ಎಂದರೆ ಅವನು ಮಶಿನ್ನಿನಿಂದ ತಲೆ ಎತ್ತದೆ ಹಿಂದಿನ ಸಂದಿಗೆ ಕೈ ತೋರಿಸಿದ. ಎಪ್ಪತ್ತು ದಾಟಿದ ಮುದುಕಿ, ಒಸಡಿಗೆ ಹೊಗೆಸೊಪ್ಪಿನ ಮಿಶ್ರಿ ತಿಕ್ಕುತ್ತ ಮೋರಿಯ ಬದಿ ಕೂತಿದ್ದಳು. ಕಂಪನಿಯಲ್ಲಿ ಇಪ್ಪತ್ತು ವರ್ಷ ರಾಣಿಯ ಪಾತ್ರ, ಬಿಡುವಿನಲ್ಲಿ ವೇಷ ಹೊಲಿಯುವ ಕೆಲಸ. ನಾನು ಕಾಲರಿನಿಂದ ಬಿಚ್ಚಿ ತಂದ ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದಳು.

"ಅರೇ ದೇವಾ! ನಮ್ಮ ಯಮ! ಎಲ್ಲಿದ್ದಾನ ಇಂವ?"

ಎಲ್ಲ ಹೇಳಿದೆವು. ಉಪ್ಪಿನ ಮಾತು ಬಂದಾಗ ಮುದುಕಿ ನಗಲು ಶುರುಮಾಡಿದವಳು ಕೆಮ್ಮು ಹತ್ತಿ ಗೋಡೆ ಹಿಡಿದಳು. ಪದ್ಮಕ್ಕ ಬೆನ್ನು ನೀವಿದಳು.

"ಅದು ದಾಜಿ. ಖರೇ ಹೇಳತೇನಿ, ದಾಜಿನಽ. ಹನ್ನೊಂದು ವರ್ಷ ನಮ್ಮ ಕಂಪನಿಯಾಗ ದ್ವಾರಪಾಲ. ರಾಜನ ಬಾಜೂಕ ಭಾಲಾ-ಈಟಿ ಹಿಡಕೊಂಡು ನಿಂದರೂದು, ಅಷ್ಟಽ. ಆಡಾಕ ಒಂದ ಮಾತು ಕೊಡ್ರಿ ಮಾಲಕರ, ಒಂದಽ ಮಾತು ಅಂತ ಕಾಲ ಹಿಡಕೊಂಡಿದ್ದ. ಮಾಲಕರು ಕೊಡಲಿಲ್ಲ. ನಿನಗ ಧ್ವನಿ ಇಲ್ಲೋ ಅಂದ್ರು. ಕಂಪನಿ ಮುಳಗಿದಾಗ ಎರಡ ಟ್ರಂಕ ವೇಷಾ ಹೊತಗೊಂಡು ಹೋದ. ಈಗ ಆ ಹಂಚಿನ ಕಾರ್ಖಾನ್ಯಾಗ ವಾಚಮನ್ ಇದ್ದಾನ. ಅಲ್ಲೂ ಬಾಗಿಲಾನಽ ಕಾಯತಾನ!"

"ಮತ್ತ ಆ ಉಪ್ಪು, ಕಣ್ಣಿಗೆ ಅರಬಿ?"

"ಅದು ನಮ್ಮ ಚ್ಯಾಷ್ಟಿವಾ! ಹೊಸಾ ನಟ ಬಂದ್ರ ಮಾಡತಿದ್ವಿ. ಕಣ್ಣ ಕಟ್ಟಿ, ಉಪ್ಪ ಹಾಕಿ, ರಾಜನ ಮಂಚದ ಬುಡಕ ತೆವಳಸತಿದ್ವಿ. ಯಾರು ಅಂದ್ರ ಯಾರೂ ಅಲ್ಲ ಅನಬೇಕು. ಅವನ ಜೀವದ ಸಾಮಾನು ಒಂದು ಇಸಗೋತಿದ್ವಿ, ಒಬ್ಬನ ಗಡಿಯಾರ, ಒಬ್ಬನ ತಾಯತ. ಮೂರ ದಿನಾ ಅಂವ ಅಳಮಾರಿ ಮಾಡಿ ತಿರಗತಿದ್ದ. ಮೂರನೇ ದಿನ ಎಲ್ಲಾರೂ ಹೋ ಅಂತ ನಕ್ಕು, ಅವನ ಸಾಮಾನು ಅವಗ ಕೊಟ್ಟು, ಚುರಮರಿ ಮಿರ್ಚಿ ತಿಂತಿದ್ವಿ. ಅವತ್ತಿಂದ ಅಂವ ನಮ್ಮಂವ."

ಅವಳು ಪಟ್ಟಿಯನ್ನು ಮಡಿಚಿ ನನ್ನ ಕೈಗಿಟ್ಟಳು. ದನಿ ಇಳಿಯಿತು.

"ದಾಜೀಗ ಮಾತ್ರ ಯಾರೂ ಮಾಡಲಿಲ್ಲ. ಅಂವ ನಟ ಅಲ್ಲಲ್ಲಾ ಅಂತ. ದೂರ ನಿಂತು ನೋಡತಿದ್ದ. ನೋಡಿ ನೋಡಿ ಎಲ್ಲಾ ಕಲತಾನ. ಮೂರನೇ ದಿನದ್ದೊಂದು ಬಿಟ್ಟಾನ."

ಅವನಿಗಾಗಿ ಮರುಗಬೇಕಿತ್ತೇನೋ. ಪದ್ಮಕ್ಕ "ಪಾಪ" ಅಂದಳು ಕೂಡ. ನಾನು ಅನ್ನಲಿಲ್ಲ. ತನ್ನನ್ನು ಯಾರೂ ಒಳಗೆ ಕರೆಯಲಿಲ್ಲವೆಂದು ಹನ್ನೊಂದು ಸಂಸಾರಗಳ ಒಳಗೆ ಕೈ ಹಾಕಿದವನಿಗೆ ನನ್ನಲ್ಲಿ ಪಾಪ ಇರಲಿಲ್ಲ. ಈಗಲೂ ಇಲ್ಲ.

ನಮ್ಮವರಿಗೆ ಆ ರಾತ್ರಿಯೇ ಎಲ್ಲ ಹೇಳಿದೆ. ಪಟ್ಟಿ ತೋರಿಸಿದೆ. ಅವರು ಅದನ್ನು ಎರಡೂ ಮಗ್ಗುಲಿಗೆ ತಿರುಗಿಸಿ ನೋಡಿ, "ಅಂಗಿ ನಾಟಕದ್ದಿರಬಹುದು, ವಿದ್ಯೆ ಅಲ್ಲ," ಅಂದರು. ಅಯಸ್ಕಾಂತದ ಮಾಸ್ತರು!

"ಹಂಗಾರ ಐತವಾರ ನಾನೂ ಬರತೇನಿ. ಮಾಡಿ ನೋಡೂಣು."

"ಹೆಂಗಸರು ಬರೂಹಂಗಿಲ್ಲ."

ಬೇಡ ಎಂದರೂ ನಾನೂ ಪದ್ಮಕ್ಕನೂ ಹೋದೆವು, ಅವರ ಗಾಡಿಗೇ, ಹೆಂಗಸರ ಡಬ್ಬಿಯಲ್ಲಿ. ಪುನರ್ವಸು ಮಳೆ ಸುರಿಯುತ್ತಿತ್ತು. ಮೊದಲೇ ಹೇಳಿಕಳಿಸಿದ್ದೆ, ಚಂಪಾಬಾಯಿ ಸ್ಟೇಶನ್ನಿಗೇ ಟಾಂಗಾ ತೆಗೆದುಕೊಂಡು ಬಂದಿದ್ದಳು. ಹಸಿರು ಜರಿ ಸೀರೆ, ಮೂಗಿಗೆ ನತ್ತು. ರಾಣಿಯೇ. ಕಾರ್ಖಾನೆಯ ಅಂಗಳದಲ್ಲಿ ಮೊಣಕಾಲೆತ್ತರ ಹುಲ್ಲು, ಒಡೆದ ಹಂಚಿನ ರಾಶಿ. ಭಟ್ಟಿ ಗುಮ್ಮಟದ ಹಾಗೆ ಕೂತಿತ್ತು. ಕೆಳಗೆ ಬೂದಿ ತೆಗೆಯುವ ಗಿಡ್ಡ ಬಾಯಿ, ಅದೇ ಸಿದ್ಧನ ದ್ವಾರ. ಬದಿಗೆ, ಹಿಂದೆ ಕೆಲಸದವರು ಓಡಾಡುತ್ತಿದ್ದ ಆಳೆತ್ತರದ ದಾರಿಗೆ ತಗಡಿನ ಕದ. ತೆವಳುವ ಅಗತ್ಯವೇ ಇರಲಿಲ್ಲ.

ಚಂಪಾಬಾಯಿ ಆ ಕದವನ್ನು ಛತ್ರಿಯ ಹಿಡಿಕೆಯಿಂದ ಮೂರು ಸಲ ಬಡಿದಳು.

"ಯಾರು?" ಎಂದಿತು ಒಳಗಿನ ದನಿ.

"ಯಾರೂ ಅಲ್ಲೋ ದಾಜಿ, ಚಂಪಾ."

ಒಳಗೆ ಯಾರೋ ಕೆಮ್ಮಿದರು. ನಾನೇ ಕದ ನೂಕಿದೆ.

ಮಳೆಗೆ ಹೆದರಿ ಅಂದು ಹೆಚ್ಚು ಜನ ಬಂದಿರಲಿಲ್ಲ. ನಮ್ಮವರು, ನೇಮಣ್ಣ, ವಕೀಲರು, ಕಣ್ಣಿಗೆ ಬಟ್ಟೆ ಕಟ್ಟಿ ಕೂಡಿಸಿದ್ದ ಒಬ್ಬ ರಿಟಾಯರ್ ಆದ ಪೋಸ್ಟ್‌ಮಾಸ್ತರು. ನಡುವೆ ದ್ವಾರಪಾಲ, ನಾನು ಒಗೆದ ನಿಲುವಂಗಿಯಲ್ಲಿ. ಬಿಸಿನೀರಿಗೆ ಹಾಕಿದ್ದರಿಂದ ತೋಳು ಕುಗ್ಗಿ ಮೊಣಕೈಗೆ ಬಂದಿತ್ತು. ಒಣಕಲು ಮನುಷ್ಯ, ಗಡ್ಡ, ದೊಡ್ಡ ದೊಡ್ಡ ಕಣ್ಣು.

"ಹೆಂಗಸರ ಕಾಲ ಬಿದ್ದು ದ್ವಾರ ಅಪವಿತ್ರ ಆತು!" ಎಂದು ಕೂಗಿದ. ಸಣ್ಣ ದನಿ, ಭಟ್ಟಿಯ ಗೋಡೆಗೂ ಮುಟ್ಟಲಿಲ್ಲ.

ಚಂಪಾಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮಾತು ಸಿಕ್ಕವಲ್ಲೋ ದಾಜಿ ನಿನಗ! ಆದ್ರ ಮಾಲಕರು ಖರೇ ಹೇಳಿದ್ರು ನೋಡು, ಧ್ವನಿ ಇನ್ನೂ ಇಲ್ಲ. ಭಾಲಾ ಎಲ್ಲಿಟ್ಟಿ?"

ವಕೀಲರು ಎದ್ದು, "ಯಾರ್ರೀ ಈ ಬಾಯಿ?" ಅಂದರು. ಅವಳು ಹೇಳಿದಳು. ರಾಜನ ಮಂಚ, ಉಪ್ಪು, ಚುರಮರಿ, ಎಲ್ಲ. ನಡುನಡುವೆ ದಾಜಿಗೆ "ಹೌದಲ್ಲೋ?" ಎನ್ನುತ್ತಿದ್ದಳು. ಅವನು ಗಡ್ಡ ಕೆರೆಯುತ್ತ ನೆಲ ನೋಡಿದ. ಪದ್ಮಕ್ಕ ಗಂಡನ ಮುಂದೆ ಹೋಗಿ ನಿಂತು, "ಏಳ್ರಿ. ಮನಿಗೆ ಹೋಗಿ ಬಾಯಿ ಮುಕ್ಕಳಸ್ರಿ," ಅಂದಳು. ನೇಮಣ್ಣ ಅಲ್ಲೇ ಎದ್ದ. ಕಣ್ಣು ಕಟ್ಟಿದ ಪೋಸ್ಟ್‌ಮಾಸ್ತರು ಇಷ್ಟೂ ಹೊತ್ತು ಮಿಸುಕದೆ ಕೂತಿದ್ದರು, ಪಾಪ, ಇದೂ ವಿಧಿಯ ಭಾಗವೆಂದು ತಿಳಿದು. ಪದ್ಮಕ್ಕನೇ ಬಟ್ಟೆ ಬಿಚ್ಚಿ, "ಉಗುಳ್ರಿ ಅಜ್ಜಾರ, ಉಪ್ಪು ಉಗುಳ್ರಿ, ನಾಟಕ ಮುಗೀತು," ಅಂದಳು.

ನಾನು ದಾಜಿಯ ಮುಂದೆ ಕೈ ಚಾಚಿದೆ. "ನಮ್ಮವರದು ಕೊಡು."

ಅವನು ಒಂದು ಪೆಟ್ಟಿಗೆ ಎಳೆದ. ಕನ್ನಡಿ ಚೂರು ಅಂಟಿಸಿದ ನಾಟಕದ ಒಡವೆ ಪೆಟ್ಟಿಗೆ. ಒಳಗೆ ಜನಿವಾರಗಳು, ತಾಯತಗಳು. ಮೂಲೆಯಲ್ಲಿ ಆರು ಲಿಂಗ, ಕರಡಿಗೆಯಿಲ್ಲದೆ, ಬಟ್ಟೆಯಿಲ್ಲದೆ, ಗೋಲಿಗಳ ಹಾಗೆ ಒಂದರ ಮೈಗೊಂದು ತಾಗಿಕೊಂಡು. ಎಲ್ಲಕ್ಕೂ ಮೇಲೆ ಬಳಿದ ಅದೇ ಕಪ್ಪು ಕಂತಿ, ಅದೇ ಹೊಳಪು. ವಕೀಲರು ಮುನ್ನುಗ್ಗಿ ಒಂದನ್ನು ಎತ್ತಿ ಜೇಬಿಗೆ ಹಾಕಿಕೊಂಡು, ಛತ್ರಿಯನ್ನೂ ಮರೆತು ಹೊರಟೇಹೋದರು.

"ತಗೋರಿ ನಿಮ್ಮದು," ಎಂದೆ ನಾನು.

ನಮ್ಮವರು ಒಂದನ್ನು ಎಡ ಅಂಗೈಯಲ್ಲಿಟ್ಟರು. ನೋಡಿದರು. ಕೆಳಗಿಟ್ಟು ಇನ್ನೊಂದನ್ನು ಎತ್ತಿದರು. ಐದನ್ನೂ ಹಾಗೆ ಮಾಡಿದರು. ಮತ್ತೆ ಮೊದಲಿನಿಂದ ಶುರುಮಾಡಿದರು. ಬುದ್ಧಿ ತಿಳಿದಾಗಿನಿಂದ ದಿನಾ ಬೆಳಿಗ್ಗೆ ಕಣ್ಣೆವೆಯಿಕ್ಕದೆ ದಿಟ್ಟಿಸಿದ್ದನ್ನು ಅವರು ಗುರುತಿಸಲಾರದೆ ಹೋದರು.

ದಾಜಿ ಆಗ ಮೆಲ್ಲಗೆ ಅಂದ: "ಇಲ್ಲಿ ನಿಂದು ನಂದು ಅಂತ ಇಲ್ಲ. ಎಲ್ಲಾ ಒಂದಽ."

ಆ ಮಾತಿಗೆ ನನ್ನ ಮೈ ಉರಿದಷ್ಟು ಉಪ್ಪಿಗೆ ಉರಿದಿರಲಿಲ್ಲ. ಒಳ್ಳೆಯ ಮಾತನ್ನು ಕದ್ದ ಮಾಲಿನ ಮೇಲೆ ಹೊದಿಸುವ ಜನ. "ಎಲ್ಲಾ ಒಂದಽ ಇದ್ರ ನೀ ಯಾಕ ಇಸಗೊಂಡಿ?" ಎಂದೆ. ಐದನ್ನೂ ಕರವಸ್ತ್ರದಲ್ಲಿ ಕಟ್ಟಿಕೊಳ್ಳಲು ನಮ್ಮವರಿಗೆ ಹೇಳಿದೆ. ಅವರು ಕಟ್ಟಿಕೊಂಡರು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅತ್ತೆ ಎಚ್ಚರವಿದ್ದರು. ಪದ್ಮಕ್ಕನ ಸೊಸೆ ಏನು ಬಾಯಿ ಬಿಟ್ಟಿದ್ದಳೋ, ಅಥವಾ ಕಣ್ಣಿಲ್ಲದ ಆ ಮುದುಕಿ ತಿಂಗಳ ಹಿಂದೆಯೇ ಎಲ್ಲ ತಿಳಿದಿದ್ದಳೋ ಗೊತ್ತಿಲ್ಲ. ಮಗನ ಹೆಜ್ಜೆ ಕೇಳಿ ಕೈ ಚಾಚಿದರು.

"ತಂದಿ ಏನ ಶಿವಪ್ಪಾ?"

ಅವರು ಒಂದನ್ನು ಆರಿಸಿ ತಾಯಿಯ ಅಂಗೈಯಲ್ಲಿಟ್ಟರು. ಅತ್ತೆ ಹೆಬ್ಬೆರಳಿನಿಂದ ಸವರಿದರು.

"ಇದು ನಿಂದಲ್ಲ."

ಇನ್ನೊಂದು. "ಇದೂ ಅಲ್ಲ." ಐದನ್ನೂ ಸವರಿ, ಒಂದೊಂದನ್ನೂ ಕಣ್ಣಿಗೊತ್ತಿಕೊಂಡು ತಿರುಗಿ ಕೊಟ್ಟರು. "ನೀ ಹೊಟ್ಟಿಯಾಗಿದ್ದಾಗ ಎಂಟನೇ ತಿಂಗಳಿಗೆ ಅಯ್ಯಾರು ತಂದು ನನ್ನ ಕೊರಳಿಗೆ ಕಟ್ಟ್ಯಾರ ಅದನ್ನ, ನಂದರ ಬಾಜೂಕ. ನೀ ಹುಟ್ಟೂಕಿಂತ ಮೊದಲು ಅದು ನನಗ ಗೊತ್ತು. ಇವು ಯಾರ ಮಕ್ಕಳದಾವೋ, ಅವರವರಿಗೆ ಮುಟ್ಟಸು. ನಿಂದು ತಾ. ಅಲ್ಲೀತನಕ ನನಗ ಗಂಜಿ ಬ್ಯಾಡ."

ಬಾಯಿ ಮುಚ್ಚಿದವರು ಮುಚ್ಚಿದರು. ಆ ರಾತ್ರಿಯ ಗಂಜಿ ಹಾಗೇ ಉಳಿಯಿತು.

ಸೋಮವಾರ ಶಾಲೆಗೆ ರಜೆ ಹಾಕಿ ನಮ್ಮವರು ಹೊರಟರು. ನಾಲ್ಕು ಮನೆಗೆ ಹೋಗಿ, ಹಾಡುಹಗಲಿನಲ್ಲಿ, ಹೆಂಡತಿ ಮಕ್ಕಳ ಎದುರಿಗೆ ಕರವಸ್ತ್ರ ಬಿಚ್ಚಬೇಕಾಯಿತು. ಗಂಡಸರಿಗೆ ಗುರುತು ಸಿಗಲಿಲ್ಲ. ಎಲ್ಲ ಮನೆಯಲ್ಲೂ ಒಬ್ಬ ತಾಯಿಯೋ ಹೆಂಡತಿಯೋ ಕಂತಿ ಸವೆದ ಕಡೆ ನೋಡಿ ಹೇಳಿದರು. ದ್ವಾರ ಮಂಡಳ ಮುಗಿದದ್ದು ಭಟ್ಟಿಯಲ್ಲಿ ಅಲ್ಲ, ಆ ನಾಲ್ಕು ಪಡಸಾಲೆಗಳಲ್ಲಿ.

ಆತುರದಲ್ಲಿ ನಮ್ಮವರದನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದ ವಕೀಲರು ಮಾತ್ರ ಗೇಟು ತೆಗೆಯಲಿಲ್ಲ. ಮಹಡಿಯ ಕಿಟಕಿಯಿಂದ, "ಯಾವ ಮಂಡಳ? ನಾ ನಿಮ್ಮನ್ನ ನೋಡೇ ಇಲ್ಲ," ಅಂದರಂತೆ. ಮಂಗಳವಾರವೂ ಅದೇ. ಮಳೆಯಲ್ಲಿ ಗೇಟಿನ ಹತ್ತಿರ ನಿಂತು ನಮ್ಮವರು, "ವಕೀಲರ, ನಮ್ಮವ್ವ ಉಂಡಿಲ್ರೀ," ಎಂದು ಕೂಗಿದರಂತೆ. ಮನೆಯಲ್ಲಿ ನಾನು ಅತ್ತೆಯ ತುಟಿಗೆ ಒದ್ದೆ ಬಟ್ಟೆ ಹಚ್ಚುತ್ತಿದ್ದೆ. ನೀರನ್ನಷ್ಟೇ ಬೇಡವೆನ್ನುತ್ತಿರಲಿಲ್ಲ. ಬುಧವಾರ ಬೆಳಿಗ್ಗೆ ನಾಡಿ ಹಿಡಿದು ಡಾಕ್ಟರು ನನ್ನ ಮುಖ ನೋಡಿದರು. "ಇವತ್ತ ಏನರ ಹೊಟ್ಟಿಗೆ ಹೋಗಲಿಕ್ಕೇ ಬೇಕು," ಅಂದರು.

ಮಧ್ಯಾಹ್ನ ಬಾಗಿಲಲ್ಲಿ ಟಾಂಗಾ ನಿಂತಿತು. ಇಳಿದವರು ನಾನು ಕಂಡಿರದ ಹೆಂಗಸು, ದಪ್ಪಗೆ, ಚಪ್ಪಲಿಯಿಲ್ಲದ ಕಾಲು. ಸೆರಗಿನ ತುದಿಯ ಗಂಟು ಬಿಚ್ಚುತ್ತಲೇ ಒಳಗೆ ಬಂದರು.

"ವಕೀಲರ ಮನಿಯಾಕಿನ್ರೀ. ಎರಡು ದಿನದಿಂದ ಕಿಟಕ್ಯಾಗ ನಿಂತು ನೋಡಾಕತ್ತೇನಿ ನಿಮ್ಮ ಮಾಸ್ತರನ. ಅವರು ಕೋರ್ಟಿಗೆ ಹ್ವಾದ ಮ್ಯಾಲೆ ಟೇಬಲ್ಲಿನ ಡ್ರಾವರ ಒಡದೆ. ಇದು ನಮ್ಮದಲ್ಲ. ನಮ್ಮದರ ಬುಡದಾಗ ಒಂದು ಸೀಳು ಐತಿ, ನನಗ ಗೊತ್ತು. ಅದು ನಿಮ್ಮಲ್ಲೆ ಉಳದೈತೇನ್ರಿ?"

ಉಳಿದಿದ್ದ ಒಂದನ್ನು ನಮ್ಮವರು ತಂದು ಕೊಟ್ಟರು. ಅವರು ಸೀಳು ನೋಡಿ, ಕಣ್ಣಿಗೊತ್ತಿಕೊಂಡು, ಅದೇ ಸೆರಗಿಗೆ ಗಂಟು ಹಾಕಿ, ನೀರೂ ಕುಡಿಯದೆ ಟಾಂಗಾ ಹತ್ತಿದರು.

ನಮ್ಮವರು ಸ್ನಾನ ಮಾಡಿ ಬಂದು ಮಂಚದ ಬದಿಗೆ ಕೂತರು. ಲಿಂಗವನ್ನು ತಾಯಿಯ ಅಂಗೈಯಲ್ಲಿಟ್ಟರು. ಅತ್ತೆಯ ಹೆಬ್ಬೆರಳು ಬುಡದಿಂದ ಮೇಲಕ್ಕೆ ಒಮ್ಮೆ ಹೋಯಿತು, ನಿಂತಿತು.

"ಇದಽ."

ಮಗ ಪೂಜೆ ಮಾಡಿದರು. ಆಮೇಲೆ ತಾಯಿಯದನ್ನೂ ಮಾಡಿಸಿದರು. ನಾನು ಅಡುಗೆಮನೆಯಿಂದ ಗಂಜಿಯ ಬಟ್ಟಲು ತಂದೆ. ಅವರೇ ಇಸಿದುಕೊಂಡು, ಚಮಚದಲ್ಲಿ ಆರಿಸಿ, ತಾಯಿಯ ತುಟಿಯ ಹತ್ತಿರ ಹಿಡಿದರು.

"ಅವ್ವಾ, ಗಂಜಿ."

ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಸಿಟ್ಟಿನಿಂದ ಅಲ್ಲ, ಬಲು ನಿಧಾನವಾಗಿ, ದಣಿದವರು ಮಗ್ಗುಲು ಬದಲಿಸುವ ಹಾಗೆ.

"ಬಟ್ಟಲಾ ನೀಲಾನ ಕೈಯಾಗ ಕೊಡು," ಅಂದರು. "ಲಿಂಗಯ್ಯ ತಿರುಗಿ ಬಂದಾನ. ನೀ ಇನ್ನೂ ಬರಬೇಕು."